‘ಸರ್ವರ್ ಬಿಜಿ’ ಎಂಬುದು ಹಣೆಬರಹವಲ್ಲ!

(ಕಿತ್ತೂರಿನಲ್ಲಿ ಕನ್ನಡ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ಹಳ್ಳಿಗಳಿಗೆ ಈಚೆಗೆ ಒಂದು ಹೊಸ ಮಾತು ಬಂದು ಸೇರಿಕೊಂಡಿದೆ. ‘ಸರ್ವರ್ ಬಿಜಿ ಐತವ್ವಾ, ನಾಳಿ ಬಾ.’ ಪಹಣಿ ಕೇಳಲು ಹೋದರೆ ಸರ್ವರ್ ಬಿಜಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ಹೋದರೆ ಸರ್ವರ್ ಬಿಜಿ. ಮಗನ ಕಾಲೇಜಿಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕೆಂದರೆ ಸರ್ವರ್ ಬಿಜಿ. ಹಿಂದೆ ‘ಸಾಹೇಬರು ಊಟಕ್ಕ ಹೋಗ್ಯಾರ’ ಎನ್ನುತ್ತಿದ್ದರು. ಆ ಸಾಹೇಬರ ಮೇಲೆ ಸಿಟ್ಟಾದರೂ ಮಾಡಬಹುದಿತ್ತು. ಮೇಲಿನವರಿಗೆ ಅರ್ಜಿ ಕೊಡಬಹುದಿತ್ತು. ಬಾಗಿಲಲ್ಲಿ ಧರಣಿ ಕೂಡಬಹುದಿತ್ತು. ಈ ಸರ್ವರಿನ ಮೇಲೆ ಸಿಟ್ಟು ಮಾಡುವುದು ಹೇಗೆ? ಅದಕ್ಕೆ ಮುಖವಿಲ್ಲ, ಕುರ್ಚಿಯಿಲ್ಲ, ಹೆಸರಿನ ಫಲಕವಿಲ್ಲ. ಅದಕ್ಕೇ ನಮ್ಮ ಜನ ಅದನ್ನು ಬರಗಾಲದ ಹಾಗೆ ಒಪ್ಪಿಕೊಂಡುಬಿಟ್ಟಿದ್ದಾರೆ. ಒಂದು ದಿನದ ಕೂಲಿ ಬಿಟ್ಟು ಬಂದವರು ಸುಮ್ಮನೆ ಬಸ್ ಹತ್ತಿ ಊರಿಗೆ ಮರಳುತ್ತಾರೆ.

ನಾನು ಇವತ್ತು ಹೇಳಬೇಕಾದದ್ದು ಒಂದೇ ಮಾತು. ಇದು ಹಣೆಬರಹವಲ್ಲ! ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಒಬ್ಬರು ಬರೆದ, ಅಥವಾ ಬರೆಯದೆ ಬಿಟ್ಟ, ನಲವತ್ತು-ಐವತ್ತು ಸಾಲುಗಳ ಫಲ ಇದು. ಆ ಸಾಲುಗಳನ್ನು ಸರಿಯಾಗಿ ಬರೆಯುವ ವಿದ್ಯೆ ಗುಟ್ಟಿನದಲ್ಲ. ನೀವೂ ಕಲಿಯಬಹುದು. ಕನ್ನಡದಲ್ಲೇ ಕಲಿಯಬಹುದು.

ಮೊದಲು, ನಿಮ್ಮ ಪಹಣಿ ಇರುವುದಾದರೂ ಎಲ್ಲಿ? 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದಾಗ ಪ್ರತಿ ತಾಲೂಕು ಕಚೇರಿಯಲ್ಲೂ ಅದರದೇ ಕಂಪ್ಯೂಟರ್, ಅದರದೇ ಕಡತ ಇತ್ತು. ಬೈಲಹೊಂಗಲದ ಯಂತ್ರ ಕೆಟ್ಟರೆ ಸವದತ್ತಿಯವರಿಗೆ ತೊಂದರೆ ಇರಲಿಲ್ಲ. ಆದರೆ ಬೈಲಹೊಂಗಲದವರು ಬೈಲಹೊಂಗಲಕ್ಕೇ ಬರಬೇಕಿತ್ತು. ಮುಂದೆ ಈ ದಾಖಲೆಗಳೆಲ್ಲ ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿಗೆ ಹೋದವು. ಈಗ ರಾಮದುರ್ಗದ ಹೊಲದ ಪಹಣಿಯನ್ನು ಕಿತ್ತೂರಿನಲ್ಲೂ ತೆಗೆಯಬಹುದು, ಪುಣೆಯಲ್ಲಿ ದುಡಿಯುವ ಮಗ ಮೊಬೈಲಿನಲ್ಲೂ ನೋಡಬಹುದು. ಲಾಭವೇನೋ ದೊಡ್ಡದು. ಆದರೆ ಇಡೀ ರಾಜ್ಯದ ಜನ ಬೆಳಿಗ್ಗೆ ಹತ್ತೂವರೆಗೆ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತಾರೆ! ಆ ಬಾಗಿಲಲ್ಲಿ ನಿಂತು ‘ನೀನು ಈ ಕಡೆ, ನೀನು ಆ ಕಡೆ’ ಎಂದು ಜನರನ್ನು ಹಂಚುವವನೇ ಲೋಡ್ ಬ್ಯಾಲೆನ್ಸರ್. ಹೊರೆ ಹಂಚುವವನು. ಹಿಂದೆ ಇದಕ್ಕೆಂದೇ ದುಬಾರಿ ಪೆಟ್ಟಿಗೆ ಕೊಳ್ಳುತ್ತಿದ್ದರು. ಈಗ ಈ ಕೆಲಸವನ್ನು ಉಚಿತ ತಂತ್ರಾಂಶವೇ ಮಾಡುತ್ತದೆ. ಫ್ರಾನ್ಸಿನ ವಿಲ್ಲಿ ತಾರ್ರೋ ಎಂಬಾತ 2001ರಲ್ಲಿ ಬಿಟ್ಟ ಎಚ್‌ಎ ಪ್ರಾಕ್ಸಿ, ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಬಿಟ್ಟ ಎಂಜಿನ್‌ಎಕ್ಸ್, ಎರಡೂ ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದಾದವು. ನಾನು ಇಲ್ಲಿ ಎಚ್‌ಎ ಪ್ರಾಕ್ಸಿಯನ್ನೇ ಹಿಡಿದು ಮಾತಾಡುತ್ತೇನೆ.

ಡೇಟಾ ಸೆಂಟರಿನಲ್ಲಿ ಒಂದು ಕೆಲಸಕ್ಕೆ ಒಂದು ಯಂತ್ರ ಎಂಬ ಕಾಲ ಹೋಯಿತು. ಈಗಿನದು ನಮ್ಮ ಹಳೆಯ ವಾಡೆಯ ಹಾಗೆ. ಒಂದು ದೊಡ್ಡ ವಾಡೆಯನ್ನು ಅಣ್ಣ-ತಮ್ಮಂದಿರು ಪಾಲು ಮಾಡಿಕೊಂಡು ನಡುವೆ ಗೋಡೆ ಎತ್ತುತ್ತಾರೆ. ಪ್ರತಿ ಮನೆಗೂ ಬೇರೆ ಬಾಗಿಲು, ಬೇರೆ ಒಲೆ, ಬೇರೆ ಬೀಗ. ಆದರೆ ಮಾಳಿಗೆ ಒಂದೇ, ಅಡಿಪಾಯ ಒಂದೇ. ಹಾಗೆಯೇ ಒಂದು ನಿಜವಾದ ಯಂತ್ರದೊಳಗೆ ಹತ್ತಿಪ್ಪತ್ತು ‘ವರ್ಚುವಲ್’ ಯಂತ್ರಗಳು ವಾಸಿಸುತ್ತವೆ. 2007ರಲ್ಲಿ ಲಿನಕ್ಸಿನ ಕರ್ನೆಲ್ಲಿನೊಳಗೇ ಕೆವಿಎಂ ಸೇರಿದ ಮೇಲಂತೂ ಇದಕ್ಕೆ ಯಾರ ಅಪ್ಪಣೆಯೂ ಬೇಡ, ಲೈಸೆನ್ಸಿನ ದುಡ್ಡೂ ಬೇಡ. ಈ ವಾಡೆಯನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಈಗ ಒಂದೊಂದೇ ಸಾಲಿಗೆ ಬರೋಣ.

ಮೊದಲನೆಯದು, ಹಂಚುವ ರೀತಿ. ಎಚ್‌ಎ ಪ್ರಾಕ್ಸಿಯ ಕಡತದಲ್ಲಿ ಮುಖ್ಯವಾಗಿ ಎರಡು ಭಾಗ. ‘ಫ್ರಂಟ್‌ಎಂಡ್’ ಎಂದರೆ ಜನ ಬಂದು ನಿಲ್ಲುವ ಬಾಗಿಲು. ‘ಬ್ಯಾಕ್‌ಎಂಡ್’ ಎಂದರೆ ಹಿಂದೆ ಕೆಲಸ ಮಾಡುವ ಸರ್ವರುಗಳ ಪಟ್ಟಿ. ಪಟ್ಟಿಯ ಮೇಲೆ ‘ಬ್ಯಾಲೆನ್ಸ್’ ಎಂದು ಬರೆದು ಹಂಚುವ ರೀತಿಯನ್ನು ಹೇಳಬೇಕು. ‘ರೌಂಡ್‌ರಾಬಿನ್’ ಎಂದರೆ ಸರದಿ. ಒಬ್ಬರಾದ ಮೇಲೆ ಒಬ್ಬರು. ಎಲ್ಲ ಕೆಲಸವೂ ಸಮನಾಗಿದ್ದರೆ ಇದು ಸರಿ. ಆದರೆ ಒಬ್ಬ ಬರೀ ಪಹಣಿ ನೋಡುತ್ತಾನೆ, ಇನ್ನೊಬ್ಬ ಹತ್ತು ಪುಟದ ಅರ್ಜಿಗೆ ಫೋಟೊ ಅಂಟಿಸುತ್ತಾನೆ. ಆಗ ‘ಲೀಸ್ಟ್‌ಕಾನ್’ ಒಳ್ಳೆಯದು. ಯಾರ ಕೈಯಲ್ಲಿ ಕೆಲಸ ಕಡಿಮೆಯಿದೆಯೋ ಅವರಿಗೆ ಮುಂದಿನದನ್ನು ಕೊಡು ಎಂದರ್ಥ. ಮೂರನೆಯದು ‘ಸೋರ್ಸ್’. ಬಂದವನ ವಿಳಾಸ ನೋಡಿ ಅವನನ್ನು ಯಾವಾಗಲೂ ಒಂದೇ ಸರ್ವರಿಗೆ ಕಳಿಸುವುದು. ಇಲ್ಲಿ ಎಚ್ಚರ! ಒಂದು ಕಚೇರಿಯ ಇಪ್ಪತ್ತು ಕಂಪ್ಯೂಟರುಗಳು ಹೊರಗಿನ ಜಗತ್ತಿಗೆ ಸಾಮಾನ್ಯವಾಗಿ ಒಂದೇ ವಿಳಾಸವಾಗಿ ಕಾಣುತ್ತವೆ. ಮೊಬೈಲ್ ಕಂಪನಿಗಳೂ ಸಾವಿರಾರು ಜನರನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಆಗ ಒಂದು ಸರ್ವರು ಬೆವರು ಸುರಿಸುತ್ತದೆ, ಪಕ್ಕದ್ದು ತೂಕಡಿಸುತ್ತದೆ. ಇದು ಹಂಚಿಕೆಯೇ?

ಎರಡನೆಯದು, ಜೀವವಿದೆಯೇ ಎಂಬ ಪರೀಕ್ಷೆ. ಇದನ್ನು ನಮ್ಮ ಭಾಗದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ಗೊತ್ತಲ್ಲ? 1980ರಲ್ಲಿ ನರಗುಂದ-ನವಲಗುಂದದ ರೈತರು ಏಕೆ ಬಂಡೆದ್ದರು? ನೀರು ತಲುಪದ ಹೊಲಕ್ಕೂ ಅಭಿವೃದ್ಧಿ ಕರ ಹಾಕಿದ್ದರು. ನಕ್ಷೆಯಲ್ಲಿ ಕಾಲುವೆ ಇತ್ತು, ಹೊಲದಲ್ಲಿ ನೀರಿರಲಿಲ್ಲ! ನಕ್ಷೆ ನೋಡಿ ಆಳುವವರಿಗೆ ಅದು ತಿಳಿಯಲಿಲ್ಲ, ತಿಳಿಸಲು ಹೋದ ರೈತರು ಗುಂಡಿಗೆ ಎದೆಯೊಡ್ಡಬೇಕಾಯಿತು.

ಲೋಡ್ ಬ್ಯಾಲೆನ್ಸರಿನ ಪಟ್ಟಿಯೂ ಒಂದು ನಕ್ಷೆ. ಪಟ್ಟಿಯಲ್ಲಿ ಐದು ಸರ್ವರುಗಳಿವೆ, ಒಂದು ಸತ್ತಿದೆ ಎನ್ನಿ. ಪರೀಕ್ಷೆಯ ಸಾಲು ಬರೆಯದಿದ್ದರೆ ಐದರಲ್ಲಿ ಒಂದು ಪಾಲು ಜನ ಆ ಸತ್ತ ಸರ್ವರಿನ ಮುಂದೆ ನಿಂತು ಹಿಂದಿರುಗುತ್ತಲೇ ಇರುತ್ತಾರೆ. ಸರ್ವರಿನ ಸಾಲಿನ ಕೊನೆಗೆ ‘ಚೆಕ್’ ಎಂಬ ಒಂದು ಮಾತು ಸೇರಿಸಿದರೆ ಎಚ್‌ಎ ಪ್ರಾಕ್ಸಿ ಎರಡು ಸೆಕೆಂಡಿಗೊಮ್ಮೆ ಹೋಗಿ ಬಾಗಿಲು ತಟ್ಟುತ್ತದೆ. ಮೂರು ಸಲ ಉತ್ತರವಿಲ್ಲದಿದ್ದರೆ ಪಟ್ಟಿಯಿಂದ ಬದಿಗಿಡುತ್ತದೆ. ಮತ್ತೆ ಎರಡು ಸಲ ಉತ್ತರ ಬಂದರೆ ಒಳಗೆ ಸೇರಿಸುತ್ತದೆ. ನೀವು ಬೇರೆ ಅಂಕಿ ಕೊಡದಿದ್ದರೆ ಅದು ನಡೆಯುವ ಲೆಕ್ಕ ಇದು.

ಇಷ್ಟೇ ಸಾಕೇ? ಸಾಲದು. ಬರೀ ‘ಚೆಕ್’ ಎಂದರೆ ಬಾಗಿಲು ತೆರೆದಿದೆಯೇ ಎಂದು ನೋಡುತ್ತದೆ ಅಷ್ಟೆ. ಬಾಗಿಲು ತೆರೆದಿದ್ದು ಒಳಗೆ ಗುಮಾಸ್ತ ನಿದ್ದೆ ಹೊಡೆಯುತ್ತಿದ್ದರೆ? ಅದಕ್ಕೆ ‘ಆಪ್ಷನ್ ಎಚ್‌ಟಿಟಿಪಿ-ಚೆಕ್’ ಎಂಬ ಸಾಲು ಬೇಕು. ತಂತ್ರಾಂಶದಲ್ಲಿ ಒಂದು ಚಿಕ್ಕ ಪುಟವನ್ನು ಇದಕ್ಕೆಂದೇ ಇಟ್ಟು, ಅದು ನಿಜವಾಗಿ ಉತ್ತರ ಕೊಡುತ್ತದೆಯೇ ಎಂದು ಕೇಳಬೇಕು. ಆದರೆ ಆ ಪುಟದೊಳಗೆ ಡೇಟಾಬೇಸಿನ ದೊಡ್ಡ ಪರೀಕ್ಷೆ ಇಡಬೇಡಿ. ಡೇಟಾಬೇಸು ಒಂದು ಗಳಿಗೆ ನಿಧಾನವಾದರೆ ಐದೂ ಸರ್ವರುಗಳು ಒಟ್ಟಿಗೆ ಸತ್ತಂತೆ ತೋರಿ ಇಡೀ ಬಾಗಿಲೇ ಮುಚ್ಚಿಹೋಗುತ್ತದೆ. ಅದರ ಕಾವಲನ್ನು ಬೇರೆಯಾಗಿ ಇಡಿ.

ಮೂರನೆಯದು, ನೆನಪು. ಒಬ್ಬ ತಾಯಿ ಅರ್ಜಿ ತುಂಬುತ್ತಿದ್ದಾಳೆ. ಆಧಾರ್ ಸಂಖ್ಯೆ ಕೊಟ್ಟಳು, ಮೊಬೈಲಿಗೆ ಒಟಿಪಿ ಬಂತು, ಅದನ್ನು ಒತ್ತಿದಳು. ಆ ಒಟಿಪಿ ಕಳಿಸಿದ್ದು ಒಂದನೆಯ ಸರ್ವರು. ಉತ್ತರ ಹೋಗಿದ್ದು ಮೂರನೆಯದಕ್ಕೆ. ಮೂರನೆಯದು ‘ನೀನ್ಯಾರವ್ವಾ?’ ಎನ್ನುತ್ತದೆ. ಪರದೆಯ ಮೇಲೆ ‘ಮತ್ತೆ ಲಾಗಿನ್ ಆಗಿ’ ಎಂದು ಬರುತ್ತದೆ. ಮತ್ತೆ ಒಟಿಪಿ, ಮತ್ತೆ ಅದೇ ಕಥೆ. ಸರ್ವರುಗಳು ಐದೂ ಗಟ್ಟಿಯಾಗಿವೆ, ಆದರೂ ಕೆಲಸ ಆಗುವುದಿಲ್ಲ! ಇದಕ್ಕೆ ಎರಡು ದಾರಿ. ಒಂದು, ಲೋಡ್ ಬ್ಯಾಲೆನ್ಸರು ಬಂದವರ ಬ್ರೌಸರಿಗೆ ‘ಕುಕೀ’ ಎಂಬ ಚೀಟಿ ಕೊಡುವುದು. ‘ಇವರು ಒಂದನೆಯ ಸರ್ವರಿನವರು’ ಎಂದು ಚೀಟಿಯಲ್ಲಿರುತ್ತದೆ. ಇನ್ನೊಂದು, ಎಲ್ಲ ಸರ್ವರುಗಳೂ ತಮ್ಮ ನೆನಪನ್ನು ರೆಡಿಸ್‌ನಂಥ ಒಂದು ಸಾಮಾನ್ಯ ಕಪಾಟಿನಲ್ಲಿ ಇಡುವುದು. ಎರಡನೆಯದೇ ಮೇಲು. ಏಕೆಂದರೆ ಚೀಟಿಯಲ್ಲಿ ಬರೆದ ಸರ್ವರು ನಡುವೆ ಸತ್ತರೆ ಅದರ ನೆನಪೂ ಸಾಯುತ್ತದೆ.

ನಾಲ್ಕನೆಯದು, ಸಾಲು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೀರಲ್ಲ? ಲಕ್ಷಾಂತರ ಜನ. ಎಲ್ಲರನ್ನೂ ಒಮ್ಮೆಗೇ ಗರ್ಭಗುಡಿಯ ಬಾಗಿಲಿಗೆ ಬಿಟ್ಟರೆ ಏನಾಗುತ್ತದೆ? ಒಬ್ಬರಿಗೂ ದರ್ಶನವಿಲ್ಲ, ನೂಕುನುಗ್ಗಲಿನಲ್ಲಿ ಜೀವಕ್ಕೇ ಅಪಾಯ. ಅದಕ್ಕೇ ಕಟಾಂಜನ ಕಟ್ಟಿ ಸಾಲು ಮಾಡುತ್ತಾರೆ. ಸರ್ವರಿಗೂ ಇದೇ ನ್ಯಾಯ. ‘ಮ್ಯಾಕ್ಸ್‌ಕಾನ್’ ಎಂಬ ಅಂಕಿಯೇ ಆ ಕಟಾಂಜನ. ಅದನ್ನು ಹಾಕುವ ಮೊದಲು ಹಿಂದೆ ಇರುವ ಡೇಟಾಬೇಸನ್ನು ನೋಡಿ. ಡೇಟಾಬೇಸು ಒಮ್ಮೆಗೆ 300 ಸಂಪರ್ಕ ತಾಳುತ್ತದೆ, ಮುಂದೆ 5 ಸರ್ವರುಗಳಿವೆ, ಒಂದು ಕೋರಿಕೆಗೆ ಒಂದು ಸಂಪರ್ಕ ಬೇಕು ಎಂದುಕೊಳ್ಳಿ. ಸರ್ವರಿಗೆ 50ರಂತೆ ಕೊಟ್ಟರೆ 250. ಉಳಿದ 50 ಮೇಲ್ವಿಚಾರಣೆಗೆ, ಬ್ಯಾಕಪ್ಪಿಗೆ. ನೀವು ಉತ್ಸಾಹದಿಂದ ಸರ್ವರಿಗೆ 500 ಎಂದು ಬರೆದರೆ 2,500 ಜನ ಡೇಟಾಬೇಸಿನ ಮೇಲೆ ಬೀಳುತ್ತಾರೆ. ಎಲ್ಲರೂ ಮುಳುಗುತ್ತಾರೆ. ಸರ್ವರುಗಳನ್ನು ಐದರಿಂದ ಹತ್ತು ಮಾಡಿದರೂ ಅಷ್ಟೆ, ಇನ್ನೂ ಬೇಗ ಮುಳುಗುತ್ತಾರೆ!

ಕಟಾಂಜನದಲ್ಲಿ ಎಷ್ಟು ಹೊತ್ತು ನಿಲ್ಲಬಹುದು ಎಂಬುದಕ್ಕೆ ‘ಟೈಮ್‌ಔಟ್ ಕ್ಯೂ’ ಎಂಬ ಸಾಲಿದೆ. ಬಹಳ ಜನ ಇದನ್ನು ಬರೆಯುವುದೇ ಇಲ್ಲ. ಬರೆಯದಿದ್ದರೆ ಎಚ್‌ಎ ಪ್ರಾಕ್ಸಿ ‘ಟೈಮ್‌ಔಟ್ ಕನೆಕ್ಟ್’ನ ಅಂಕಿಯನ್ನೇ ಇಲ್ಲಿಗೂ ತೆಗೆದುಕೊಳ್ಳುತ್ತದೆ. ಅಲ್ಲಿ 5 ಸೆಕೆಂಡು ಎಂದಿದ್ದರೆ ಸಾಲಿನಲ್ಲಿ ನಿಂತ ತಾಯಿಯನ್ನು ಐದೇ ಸೆಕೆಂಡಿಗೆ ಹೊರಗೆ ಹಾಕಿ 503 ಎಂಬ ಅಂಕಿ ತೋರಿಸುತ್ತದೆ. ಇನ್ನೊಂದು ಹತ್ತು ಸೆಕೆಂಡು ನಿಂತಿದ್ದರೆ ಅವಳ ಸರದಿ ಬರುತ್ತಿತ್ತೇನೋ! ಒಂದು ಸಾಲು ಬರೆಯದೆ ಬಿಟ್ಟದ್ದಕ್ಕೆ ಅವಳ ಒಂದು ದಿನದ ಕೂಲಿ ಹೋಯಿತು.

ಜನರ ಹೊರೆಯನ್ನು ಮೊದಲೇ ಹಂಚುವ ಬುದ್ಧಿಯೂ ಬೇಕು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಯಾವ ದಿನ, ಯಾವ ಹೊತ್ತು, ಯಾವ ಕೇಂದ್ರ ಎಂಬುದನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸುವ ಏರ್ಪಾಟು ಮಾಡಿದ್ದರು. ಗ್ಯಾರಂಟಿ ಯೋಜನೆಗಳಿಗೆ ಸೇವಾಸಿಂಧುವಿನಲ್ಲಿ ಪ್ರತ್ಯೇಕ ವಿಳಾಸವನ್ನೂ ಇಟ್ಟಿದ್ದರು. ಆದರೂ ಮೊದಲ ದಿನಗಳಲ್ಲಿ ಸರ್ವರ್ ತೊಂದರೆಯ ದೂರು ಬಂದವು. ಒಂದು ಕೋಟಿಗೂ ಹೆಚ್ಚು ಮನೆಯೊಡತಿಯರ ಲೆಕ್ಕ ಅದು. ಸರಾಸರಿ ದಿನದ ಲೆಕ್ಕ ಹಿಡಿದು ಜಾತ್ರೆಗೆ ಬಸ್ ಬಿಡಲಾಗದು, ಸರಾಸರಿ ದಿನದ ಲೆಕ್ಕ ಹಿಡಿದು ಸರ್ವರು ಇಡಲೂ ಆಗದು.

ಐದನೆಯದು, ಕಾವಲುಗಾರನೇ ಬಿದ್ದರೆ? ಐದು ಸರ್ವರುಗಳ ಮುಂದೆ ಒಬ್ಬನೇ ಹಂಚುವವನಿದ್ದು, ಅವನೇ ಸತ್ತರೆ ಐದೂ ದಂಡ. ಅದಕ್ಕೆ ಇಬ್ಬರು ಬೇಕು. ಇಬ್ಬರ ನಡುವೆ ಒಂದೇ ವಿಳಾಸ. ಹಿರಿಯನ ಕೈಯಲ್ಲಿ ಆ ವಿಳಾಸವಿರುತ್ತದೆ. ಅವನು ‘ನಾನಿದ್ದೇನೆ, ನಾನಿದ್ದೇನೆ’ ಎಂದು ಸೆಕೆಂಡಿಗೊಮ್ಮೆ ಕೂಗುತ್ತಾನೆ. ಮೂರು ಸಲ ಕೂಗು ಕೇಳದಿದ್ದರೆ ಕಿರಿಯನು ವಿಳಾಸವನ್ನು ತಾನು ಹೊತ್ತುಕೊಳ್ಳುತ್ತಾನೆ. ಈ ಒಪ್ಪಂದದ ಹೆಸರು ವಿಆರ್‌ಆರ್‌ಪಿ. ಇದನ್ನು ನಡೆಸುವ ಉಚಿತ ತಂತ್ರಾಂಶದ ಹೆಸರು ಕೀಪ್‌ಅಲೈವ್‌ಡಿ.

ಈಗ ನಮ್ಮ ವಾಡೆಯನ್ನು ನೆನಪಿಸಿಕೊಳ್ಳಿ. ಈ ಇಬ್ಬರನ್ನೂ ಒಂದೇ ವಾಡೆಯ ಅಕ್ಕಪಕ್ಕದ ಮನೆಗಳಲ್ಲಿ ಇಟ್ಟರೆ? ಮಾಳಿಗೆ ಕುಸಿದ ದಿನ ಇಬ್ಬರೂ ಹೋದರು! ಕಾಗದದ ಮೇಲೆ ಇಬ್ಬರು, ನಿಜದಲ್ಲಿ ಒಬ್ಬನೇ. ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶ ತನಗೆ ತೋಚಿದ ಕಡೆ ಇವನ್ನು ಸಾಗಿಸುತ್ತಿರುತ್ತದೆ. ಹಾಗಾಗಿ ‘ಇವರಿಬ್ಬರನ್ನು ಎಂದೂ ಒಂದೇ ಯಂತ್ರದಲ್ಲಿ ಇಡಬೇಡ’ ಎಂಬ ನಿಯಮವನ್ನು ಅದಕ್ಕೆ ಬರೆದುಕೊಡಬೇಕು. ಆಂಟಿ-ಅಫಿನಿಟಿ ಎನ್ನುತ್ತಾರೆ ಅದಕ್ಕೆ. ಕಿತ್ತೂರಿನವರಿಗೆ ಇದನ್ನು ಒತ್ತಿ ಹೇಳಬೇಕೇ? 1824ರ ಡಿಸೆಂಬರಿನಲ್ಲಿ ಇದೇ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು. ಆದರೂ ಹೋರಾಟ ಸಾಯಲಿಲ್ಲ, ಏಕೆಂದರೆ ಸಂಗೊಳ್ಳಿ ರಾಯಣ್ಣ ಕೋಟೆಯ ಹೊರಗೆ, ಕಾಡಿನಲ್ಲಿ, ಊರೂರಿನಲ್ಲಿ ಅದನ್ನು ಹೊತ್ತು ನಡೆದ.

ವರ್ಚುವಲ್ ಲೋಕದ ಇನ್ನೆರಡು ಕಾಟಗಳನ್ನೂ ಕೇಳಿ. ಬ್ಯಾಕಪ್ಪಿಗೆಂದು ಹಿರಿಯನ ‘ಸ್ನ್ಯಾಪ್‌ಶಾಟ್’ ತೆಗೆಯುವಾಗ ಆ ಯಂತ್ರ ಕೆಲವು ಸೆಕೆಂಡು ಮೂರ್ಛೆ ಹೋಗಬಹುದು. ಕೂಗು ನಿಲ್ಲುತ್ತದೆ. ಕಿರಿಯ ವಿಳಾಸ ಹೊರುತ್ತಾನೆ. ಹಿರಿಯ ಎಚ್ಚರಾಗಿ ಮತ್ತೆ ಕಿತ್ತುಕೊಳ್ಳುತ್ತಾನೆ. ಈ ಎಳೆದಾಟದಲ್ಲಿ ಜನರ ಸಂಪರ್ಕ ಕಡಿಯುತ್ತದೆ. ಇಬ್ಬರನ್ನೂ ‘ಬ್ಯಾಕಪ್’ ಎಂದೇ ಶುರು ಮಾಡಿ, ‘ನೋಪ್ರಿಎಂಪ್ಟ್’ ಎಂದು ಬರೆದರೆ ಎದ್ದವನು ಸುಮ್ಮನೆ ಪಕ್ಕದಲ್ಲಿ ನಿಲ್ಲುತ್ತಾನೆ. ಎರಡನೆಯ ಕಾಟ, ಕೂಗು ದಾರಿಯಲ್ಲೇ ಕಳೆದುಹೋಗುವುದು. ವಿಆರ್‌ಆರ್‌ಪಿಯ ಕೂಗು ಮಲ್ಟಿಕಾಸ್ಟ್ ದಾರಿಯಲ್ಲಿ ಹೋಗುತ್ತದೆ. ಹಲವು ವರ್ಚುವಲ್ ಜಾಲಗಳಲ್ಲಿ ಆ ದಾರಿ ಬಂದಾಗಿರುತ್ತದೆ. ಆಗ ಇಬ್ಬರೂ ‘ನಾನೇ ಹಿರಿಯ’ ಎಂದು ಒಂದೇ ವಿಳಾಸ ಹಿಡಿದು ಕೂರುತ್ತಾರೆ. ಒಂದು ಊರಿಗೆ ಇಬ್ಬರು ಗೌಡರು! ಒಬ್ಬರಿಗೊಬ್ಬರು ನೇರವಾಗಿ ಕೂಗುವಂತೆ ಯುನಿಕಾಸ್ಟ್ ವಿಳಾಸ ಬರೆದರೆ ಈ ಜಗಳ ತಪ್ಪುತ್ತದೆ.

ಆರನೆಯದು, ಕಳ್ಳರು. 2025ರ ಜನವರಿಯ ಹೊತ್ತಿಗೆ ಆಸ್ತಿ ನೋಂದಣಿಯ ‘ಕಾವೇರಿ 2.0’ ಜಾಲತಾಣಕ್ಕೆ ಸುಳ್ಳು ಕೋರಿಕೆಗಳ ಹೊಳೆ ಹರಿಸಿದರು. ನಕಲಿ ಖಾತೆಗಳನ್ನು ತೆರೆದು ಆ ಕೆಲಸ ಮಾಡಿದ್ದರು. ರಾಜ್ಯದಾದ್ಯಂತ ನೋಂದಣಿಗೆ ಪೆಟ್ಟು ಬಿತ್ತು, ಮಾತು ಪೊಲೀಸರವರೆಗೆ ಹೋಯಿತು. ಒಬ್ಬನೇ ಒಂದು ನಿಮಿಷಕ್ಕೆ ಎಷ್ಟು ಸಲ ಕೇಳಬಹುದು ಎಂಬ ಮಿತಿಯನ್ನು ಎಚ್‌ಎ ಪ್ರಾಕ್ಸಿಯ ‘ಸ್ಟಿಕ್-ಟೇಬಲ್’ನಲ್ಲಿ ಬರೆಯಬಹುದು. ಆದರೆ ಬರೀ ವಿಳಾಸ ನೋಡಿ ಮಿತಿ ಹಾಕಬೇಡಿ. ಆಗಲೇ ಹೇಳಿದೆನಲ್ಲ, ಒಂದು ವಿಳಾಸದ ಹಿಂದೆ ಇಡೀ ಊರೇ ಇರಬಹುದು. ಖಾತೆಯ ಲೆಕ್ಕವನ್ನೂ ಹಿಡಿಯಬೇಕು. ಕಳ್ಳನನ್ನು ಹಿಡಿಯಲು ಹೋಗಿ ಸಂತೆಯನ್ನೇ ಮುಚ್ಚಬಾರದು.

ಇನ್ನು ಕೊನೆಯದು. ಎಷ್ಟೇ ಚೆನ್ನಾಗಿ ಕಟ್ಟಿದರೂ ಒಂದು ದಿನ ಬಾಗಿಲು ಮುಚ್ಚುತ್ತದೆ. ಆ ದಿನ ನಿಮ್ಮ ತಾಯಿಯ ಕಣ್ಣಿಗೆ ಬೀಳುವುದೇನು? ‘503 ಸರ್ವಿಸ್ ಅನ್‌ಅವೈಲಬಲ್’ ಎಂಬ ಇಂಗ್ಲಿಷ್ ಸಾಲು! ತಪ್ಪು ತನ್ನದೋ, ಮೊಬೈಲಿನದೋ, ಕಟ್ಟಿದ ದುಡ್ಡು ಹೋಯಿತೋ ಉಳಿಯಿತೋ, ಅವಳಿಗೆ ಏನೂ ತಿಳಿಯದು. ಕನ್ನಡದ ಹೆಸರಿನಲ್ಲಿ ನಾವು ಅಂಗಡಿಯ ಬೋರ್ಡು ನೋಡುತ್ತೇವೆ, ಬಸ್ಸಿನ ಬೋರ್ಡು ನೋಡುತ್ತೇವೆ. ಈ ಬೋರ್ಡನ್ನು ಯಾರು ನೋಡಿದ್ದೀರಿ? ಎಚ್‌ಎ ಪ್ರಾಕ್ಸಿಯಲ್ಲಿ ‘ಎರರ್‌ಫೈಲ್ 503’ ಎಂದು ಬರೆದು ಮುಂದೆ ನಿಮ್ಮ ಕಡತದ ಹೆಸರು ಕೊಟ್ಟರೆ ಸಾಕು, ಅದು ನಿಮ್ಮ ಪುಟವನ್ನೇ ತೋರಿಸುತ್ತದೆ. ಕಡತವನ್ನು ಅದು ಇದ್ದಂತೆಯೇ ಕಳಿಸುತ್ತದೆ, ಹಾಗಾಗಿ ಮೇಲಿನ ಸಾಲುಗಳಲ್ಲಿ ಅಕ್ಷರಗಳು ಯುಟಿಎಫ್-8 ಎಂದು ನೀವೇ ಬರೆಯಬೇಕು. ಇಲ್ಲದಿದ್ದರೆ ಕನ್ನಡ ಹೋಗಿ ಕಾಗೆಗಾಲು ಬಂದೀತು. ಕಡತ ಚಿಕ್ಕದಿರಬೇಕು, ಸಾಮಾನ್ಯವಾಗಿ 16 ಕಿಲೋಬೈಟಿನ ಒಳಗೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ, 18 ಬೈಟು. ಆದರೂ ಹೇಳಬೇಕಾದದ್ದನ್ನು ಹೇಳಲು ಧಾರಾಳ ಜಾಗವಿದೆ. ‘ಈಗ ಬಹಳ ಜನ ಬಂದಿದ್ದಾರೆ. ನೀವು ತುಂಬಿದ ಅರ್ಜಿ ಇನ್ನೂ ಸೇರಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ.’ ಇಷ್ಟು ಬರೆಯಲು ಯಾವ ಬಜೆಟ್ಟೂ ಬೇಡ, ಟೆಂಡರೂ ಬೇಡ. ಮನಸ್ಸು ಬೇಕು.

ಗೆಳೆಯರೇ, ಇದನ್ನೆಲ್ಲ ಕಲಿಯಲು ಡೇಟಾ ಸೆಂಟರಿನ ಒಳಗೆ ಹೋಗಬೇಕಾಗಿಲ್ಲ. 8 ಜಿಬಿ ಮೆಮೊರಿಯ ಒಂದು ಹಳೆಯ ಲ್ಯಾಪ್‌ಟಾಪ್ ಸಾಕು. ಅದಕ್ಕೆ ಲಿನಕ್ಸ್ ಹಾಕಿ, ಕೆವಿಎಂನಲ್ಲಿ ನಾಲ್ಕು ಪುಟ್ಟ ಯಂತ್ರ ಮಾಡಿ. ಎರಡರಲ್ಲಿ ಎಚ್‌ಎ ಪ್ರಾಕ್ಸಿ ಮತ್ತು ಕೀಪ್‌ಅಲೈವ್‌ಡಿ, ಎರಡರಲ್ಲಿ ಒಂದೊಂದು ಕನ್ನಡ ಪುಟ. ಎಲ್ಲ ನಡೆಯತೊಡಗಿದ ಮೇಲೆ ಒಂದೊಂದನ್ನೇ ನೀವೇ ಕೊಲ್ಲಿ! ಪುಟ ಎಷ್ಟು ಸೆಕೆಂಡು ನಿಂತಿತು ಎಂದು ಎಣಿಸಿ. ಎಣಿಸಿದ್ದನ್ನು ಕನ್ನಡದಲ್ಲಿ ಬರೆದಿಟ್ಟು ಪಕ್ಕದ ಊರಿನ ಗೆಳೆಯನಿಗೆ ಕೊಡಿ. ಕೆಡಿಸಿ ನೋಡದೆ ಕಟ್ಟಿದ್ದು ಗಟ್ಟಿಯೋ ಟೊಳ್ಳೋ ತಿಳಿಯುವುದಿಲ್ಲ.

ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಪುಣೆಯಲ್ಲಿ ಈ ಕೆಲಸದಲ್ಲಿರುವ ನಮ್ಮ ಹುಡುಗ-ಹುಡುಗಿಯರು ಸಾಕಷ್ಟು ಜನರಿದ್ದಾರೆ. ಅಮೆರಿಕದ ಅಂಗಡಿಯ ಸರ್ವರು ಒಂದು ನಿಮಿಷ ನಿಲ್ಲದ ಹಾಗೆ ರಾತ್ರಿಯಿಡೀ ಕಾಯುತ್ತಾರೆ. ಅದೇ ಕೈ, ಅದೇ ವಿದ್ಯೆ ಖಾನಾಪುರದ, ರಾಮದುರ್ಗದ ತಾಯಿಯ ಅರ್ಜಿಗೂ ಸಿಗಬೇಕು ಎಂದು ಕೇಳುವುದು ತಪ್ಪೇ? ನಾಳೆ ನಿಮ್ಮ ಮುಂದೆ ಯಾರಾದರೂ ‘ಸರ್ವರ್ ಬಿಜಿ’ ಎಂದರೆ ಸುಮ್ಮನೆ ಮರಳಬೇಡಿ. ಕೇಳಿ. ಪರೀಕ್ಷೆಯ ಸಾಲು ಬರೆದಿದ್ದೀರಾ? ಸಾಲಿಗೆ ಹೊತ್ತು ಎಷ್ಟು ಕೊಟ್ಟಿದ್ದೀರಿ? ಇಬ್ಬರು ಹಂಚುವವರು ಒಂದೇ ಮಾಳಿಗೆಯ ಕೆಳಗಿಲ್ಲವಷ್ಟೇ? ತಪ್ಪಿನ ಪುಟ ಕನ್ನಡದಲ್ಲಿದೆಯೇ?

ಪ್ರಶ್ನೆ ಕೇಳಬಲ್ಲವನಿಗೆ ಸರ್ವರಿಗೂ ಒಂದು ಮುಖ ಕಾಣುತ್ತದೆ.